ವಕಾಲತ್ತು ಯಾರ ಹೆಸರಿನಲ್ಲಿ? ಸಾರ್ವಜನಿಕ ಹಿತಾಸಕ್ತಿಯ ಕಾನೂನು ಸಂಸ್ಥೆ ಕಟ್ಟಿದ ಅನುಭವ

ಸೇವಾ ಸಂಸ್ಥೆಯೊಂದನ್ನು ನೋಂದಾಯಿಸುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಶಾಲೆ ನಡೆಸುವ, ಕೆರೆ ಹೂಳೆತ್ತುವ, ಆರೋಗ್ಯ ಶಿಬಿರ ಮಾಡುವ ಟ್ರಸ್ಟಿಗೆ ಅವರು ಹೇಳುವಷ್ಟು ಸಾಕು. ಬಡವರ ಪರವಾಗಿ ಕೋರ್ಟಿಗೆ ಹೋಗಬೇಕೆನ್ನುವ ಸಂಸ್ಥೆಗೆ ಅದು ಸಾಲದು ಎಂಬುದು ಕರ್ನಾಟಕದಲ್ಲಿ ಅಂಥದ್ದೊಂದನ್ನು ಕಟ್ಟಲು ಹೊರಟಾಗ ನಮಗೆ ಮೊದಲ ತಿಂಗಳಲ್ಲೇ ಗೊತ್ತಾಯಿತು. ತೆರಿಗೆ ಇಲಾಖೆ, ಬ್ಯಾಂಕು, ದೇಣಿಗೆ ಕೊಡುವವರು ಇವರೆಲ್ಲರಿಗೂ ಕಾಣುವುದು ಸಂಸ್ಥೆ. 1961ರ ವಕೀಲರ ಕಾಯ್ದೆಗೆ ಕಾಣುವುದು ವಕೀಲರು ಮಾತ್ರ. ಆ ಕಾಯ್ದೆಯ 29 ಮತ್ತು 33ನೇ ಕಲಂಗಳ ಪ್ರಕಾರ ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರುವವರಷ್ಟೇ ನ್ಯಾಯಾಲಯದಲ್ಲಿ ವೃತ್ತಿ ಮಾಡಬಹುದು. ಸಂಸ್ಥೆ ಎಷ್ಟೇ ದೊಡ್ಡದಿರಲಿ, ವಕಾಲತ್ತು (ಕಕ್ಷಿದಾರರು ತಮ್ಮ ಪರ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ) ಹಾಕುವಂತಿಲ್ಲ.

ವಕಾಲತ್ತಿನ ಹಾಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲೆ ನ್ಯಾಯಾಲಯದ ಹೆಸರು, ಕೇಸಿನ ನಂಬರಿಗೆ ಬಿಟ್ಟ ಖಾಲಿ ಜಾಗ, ಕಕ್ಷಿದಾರರ ಹೆಸರು, ವಕೀಲರ ಹೆಸರು. ಕೆಳಗೆ ಒಂದು ಕಡೆ ಕಕ್ಷಿದಾರರ ಸಹಿ ಅಥವಾ ಹೆಬ್ಬೆಟ್ಟು, ಇನ್ನೊಂದು ಕಡೆ ಒಪ್ಪಿಕೊಂಡ ವಕೀಲರ ಸಹಿ, ವಕೀಲರ ಕಲ್ಯಾಣ ನಿಧಿಯ ಚೀಟಿ. ಸಂಸ್ಥೆಗೆ ಅದರಲ್ಲಿ ಜಾಗವೇ ಇಲ್ಲ. ಹಣ ತರುವುದು ಸಂಸ್ಥೆ, ಕಚೇರಿ ನಡೆಸುವುದು ಸಂಸ್ಥೆ, ಝೆರಾಕ್ಸಿನ ಖರ್ಚು ಕೊಡುವುದೂ ಸಂಸ್ಥೆ. ಆದರೆ ಕೇಸು ಇರುವುದು ಆ ಎರಡು ಸಹಿಗಳ ನಡುವೆ. ಈ ಹಾಳೆಯನ್ನು ಎದುರಿಗಿಟ್ಟುಕೊಂಡೇ ಟ್ರಸ್ಟ್ ಡೀಡ್, ಅಂದರೆ ಟ್ರಸ್ಟನ್ನು ಸ್ಥಾಪಿಸುವ ಪತ್ರ, ಬರೆಯಬೇಕು. ನಾವು ಮೊದಲ ಕರಡನ್ನು ಹಾಗೆ ಬರೆದಿರಲಿಲ್ಲ, ಆದ್ದರಿಂದ ಎರಡು ಸಲ ತಿದ್ದಬೇಕಾಯಿತು.

ಟ್ರಸ್ಟೋ, ಸಂಘವೋ, ಕಂಪನಿಯೋ

ದಾರಿಗಳು ಮೂರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಸಂಘ ಕಟ್ಟಲು ಕನಿಷ್ಠ ಏಳು ಸದಸ್ಯರು ಬೇಕು. ಸರ್ವಸದಸ್ಯರ ಸಭೆ, ಚುನಾವಣೆ, ವರ್ಷವರ್ಷದ ಆಡಳಿತ ಮಂಡಳಿಯ ಪಟ್ಟಿ ಎಲ್ಲವೂ ಇರುತ್ತದೆ. ಸದಸ್ಯರ ಒಡನಾಟವೇ ಬಲವಾಗಿರುವ ಕಡೆ ಇದು ಒಳ್ಳೆಯ ರೂಪ. ಆದರೆ 25ನೇ ಕಲಮಿನಡಿ ರಿಜಿಸ್ಟ್ರಾರ್ ವಿಚಾರಣೆ ನಡೆಸಬಹುದು, 27ಎ ಅಡಿಯಲ್ಲಿ ಸರ್ಕಾರ ಆಡಳಿತಾಧಿಕಾರಿಯನ್ನೇ ನೇಮಿಸಬಹುದು. ಸರ್ಕಾರವನ್ನೇ ಎದುರುವಾದಿ ಮಾಡುವ ಕೆಲಸಕ್ಕೆ ಇಳಿಯುವವರು ಈ ಎರಡು ಕಲಂಗಳನ್ನು ಓದದೆ ಸಂಘ ಮಾಡಬಾರದು.

2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಲಾಭರಹಿತ ಕಂಪನಿಯನ್ನು ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಸೇರಿ ಮಾಡಬಹುದು, ಬಂಡವಾಳಕ್ಕೆ ಕನಿಷ್ಠ ಮಿತಿಯಿಲ್ಲ. ಕಂಪನಿ ಕಾನೂನಿನ ಕಣ್ಣಿನಲ್ಲಿ ಸ್ವತಂತ್ರ ವ್ಯಕ್ತಿ, ತನ್ನ ಹೆಸರಿನಲ್ಲೇ ರಿಟ್ ಅರ್ಜಿ ಹಾಕಬಲ್ಲದು. ಇದು ದೊಡ್ಡ ಅನುಕೂಲ. ಬೆಲೆಯೂ ಇದೆ. ಆದಾಯ ಸೊನ್ನೆ ಇದ್ದರೂ ಲೆಕ್ಕ ಪರಿಶೋಧಕರ ನೇಮಕ, ವಾರ್ಷಿಕ ಸಭೆ, ಸಭೆಯಾದ 30 ದಿನದೊಳಗೆ ಹಣಕಾಸಿನ ಲೆಕ್ಕ, 60 ದಿನದೊಳಗೆ ವಾರ್ಷಿಕ ವಿವರ ಸಲ್ಲಿಸಲೇಬೇಕು. ತಪ್ಪಿದರೆ ದಿನಕ್ಕಿಷ್ಟು ಎಂದು ದಂಡ ಏರುತ್ತದೆ.

ಸಾರ್ವಜನಿಕ ಟ್ರಸ್ಟಿಗೆ ಖರ್ಚು ಕಡಿಮೆ, ಕೆಲಸ ಬೇಗ ಮುಗಿಯುತ್ತದೆ. ಮಹಾರಾಷ್ಟ್ರದಲ್ಲಿರುವಂತೆ ಚಾರಿಟಿ ಕಮಿಷನರ್ ಇಲ್ಲಿ ಇಲ್ಲ. ಕೊರತೆಯೆಂದರೆ ಟ್ರಸ್ಟ್ ಸ್ವತಂತ್ರ ವ್ಯಕ್ತಿಯಲ್ಲ. ದಾವೆ ಹೂಡಬೇಕಾದರೆ ಟ್ರಸ್ಟಿಗಳ ಹೆಸರಿನಲ್ಲಿ ಹೂಡಬೇಕು, ಇಲ್ಲದಿದ್ದರೆ ನ್ಯಾಯಾಲಯದ ಕಚೇರಿಯಲ್ಲೇ (ರಿಜಿಸ್ಟ್ರಿ) ಆಕ್ಷೇಪಣೆ ಬೀಳುತ್ತದೆ. ನಾವು ಟ್ರಸ್ಟನ್ನೇ ಆರಿಸಿಕೊಂಡೆವು. ಸಂಸ್ಥೆಯೇ ಅರ್ಜಿದಾರನಾಗುವುದು ಅಪರೂಪಕ್ಕೆ ಮಾತ್ರ, ಸಾಧ್ಯವಿದ್ದ ಕಡೆಯಲ್ಲೆಲ್ಲ ಅನ್ಯಾಯಕ್ಕೊಳಗಾದವರೇ ಅರ್ಜಿದಾರರಾಗಿರಬೇಕು ಎಂದು ಮೊದಲೇ ತೀರ್ಮಾನಿಸಿದ್ದೆವು. ಹಾಗಿದ್ದಮೇಲೆ ಈ ಕೊರತೆ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಪರಿಸರದಂಥ ವಿಷಯಗಳಲ್ಲಿ ಸಂಸ್ಥೆಯ ಹೆಸರಿನಲ್ಲೇ ಪದೇ ಪದೇ ಕೋರ್ಟಿಗೆ ಹೋಗುವ ಯೋಜನೆ ಇರುವವರು ಕಂಪನಿಯೋ ಸಂಘವೋ ಮಾಡಿಕೊಳ್ಳುವುದೇ ಸರಿ. 1980ರಲ್ಲಿ ಎಚ್.ಡಿ. ಶೌರಿ ದೆಹಲಿಯಲ್ಲಿ ಕಟ್ಟಿದ ಕಾಮನ್ ಕಾಸ್ ಎಂಬ ಸಂಸ್ಥೆ ಇಂದಿಗೂ ತನ್ನ ಹೆಸರಿನಲ್ಲೇ ಅರ್ಜಿ ಹಾಕುತ್ತದೆ. ಗೌರವದ ಸಾವಿನ ಹಕ್ಕಿನ ಬಗ್ಗೆ 2018ರಲ್ಲಿ ಬಂದ ತೀರ್ಪಿಗೆ ಅದರ ಹೆಸರೇ ಅಂಟಿಕೊಂಡಿದೆ. ಅದು ಬೇರೆ ಬಗೆಯ ಕೆಲಸ, ಅದಕ್ಕೆ ಬೇರೆ ಬಗೆಯ ದೇಹ ಬೇಕು.

ಡೀಡಿನ ಮೂವರು ಓದುಗರು

ಟ್ರಸ್ಟ್ ಡೀಡಿನಲ್ಲಿ ಎಲ್ಲರೂ ಬೇಗ ಮುಗಿಸಿಬಿಡುವ ಭಾಗ ಧ್ಯೇಯೋದ್ದೇಶಗಳದ್ದು. ಹಳೆಯ ಯಾವುದೋ ಡೀಡಿನಿಂದ ಮೂವತ್ತು ಉದ್ದೇಶಗಳನ್ನು ನಕಲು ಮಾಡಿ ಕೊನೆಗೆ ‘ಕಾನೂನು ನೆರವು’ ಎಂದು ಒಂದು ಸಾಲು ಸೇರಿಸುತ್ತಾರೆ. ಹಾಗೆ ಮಾಡಬೇಡಿ. ಈ ಭಾಗವನ್ನು ಮುಂದೆ ಮೂವರು ಓದುತ್ತಾರೆ: ತೆರಿಗೆ ಅಧಿಕಾರಿ, ನ್ಯಾಯಾಧೀಶರು, ಬ್ಯಾಂಕಿನ ಅಧಿಕಾರಿ. ಮೂವರೂ ಹುಡುಕುವುದು ಬೇರೆ ಬೇರೆ.

ತೆರಿಗೆ ಅಧಿಕಾರಿಗೆ ಬೇಕಾದದ್ದು ‘ಧರ್ಮಾರ್ಥ ಉದ್ದೇಶ’. ನಾವು ನೋಂದಾಯಿಸಿದ್ದು 1961ರ ಆದಾಯ ತೆರಿಗೆ ಕಾಯ್ದೆಯಡಿ. ಅದರ 2(15)ನೇ ಕಲಮಿನಲ್ಲಿ ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ರಕ್ಷಣೆ ಮುಂತಾದವು ಬೇರೆ ಬೇರೆ ಶೀರ್ಷಿಕೆಗಳು. ಯಾವುದಕ್ಕೂ ಸೇರದ್ದು ‘ಸಾಮಾನ್ಯ ಸಾರ್ವಜನಿಕ ಉಪಯುಕ್ತತೆ’ಗೆ ಹೋಗುತ್ತದೆ. ಈ ಕೊನೆಯ ಶೀರ್ಷಿಕೆಗೆ ಒಂದು ಕಟ್ಟು ಇದೆ: ಶುಲ್ಕ ಪಡೆದು ಮಾಡುವ ವ್ಯಾಪಾರದ ಸ್ವರೂಪದ ಚಟುವಟಿಕೆಯಿಂದ ಬರುವ ಹಣ ಆ ವರ್ಷದ ಒಟ್ಟು ಸ್ವೀಕೃತಿಯ ಶೇ. 20 ಮೀರಬಾರದು. ‘ಸಂವಿಧಾನದ ಮೌಲ್ಯಗಳ ಪ್ರಸಾರ, ಕಾನೂನಿನ ಆಳ್ವಿಕೆಯ ರಕ್ಷಣೆ’ ಎಂದಷ್ಟೇ ಬರೆದರೆ ಇಡೀ ಸಂಸ್ಥೆ ಈ ಕಟ್ಟಿನೊಳಗೆ ಬೀಳುತ್ತದೆ. ಮುಂದೆ ತರಬೇತಿಗೆ ಶುಲ್ಕ ಪಡೆದರೂ, ಕೈಪಿಡಿ ಮಾರಿದರೂ ಲೆಕ್ಕ ಹಾಕುತ್ತಾ ಕೂರಬೇಕು. ಆದ್ದರಿಂದ ನಮ್ಮ ಡೀಡಿನ ಮೊದಲ ಉದ್ದೇಶ ಹೀಗಿದೆ: ‘ಬಡವರಿಗೆ, ಶೋಷಿತರಿಗೆ ಮತ್ತು ವಕೀಲರ ಶುಲ್ಕ ಭರಿಸಲಾಗದವರಿಗೆ ಯಾವುದೇ ಶುಲ್ಕವಿಲ್ಲದೆ ಕಾನೂನು ಸಲಹೆ ಹಾಗೂ ನೆರವು ದೊರೆಯುವಂತೆ ಮಾಡುವುದು.’ ‘ದೊರೆಯುವಂತೆ ಮಾಡುವುದು’ ಎಂದು ಬೇಕೆಂದೇ ಬರೆದದ್ದು. ‘ನ್ಯಾಯಾಲಯದಲ್ಲಿ ವಾದಿಸುವುದು’ ಎಂದು ಬರೆದರೆ ವಕೀಲರಲ್ಲದ ಸಂಸ್ಥೆ ವಕೀಲಿ ವೃತ್ತಿ ಮಾಡುತ್ತಿದೆ ಎಂಬ ಆಕ್ಷೇಪಕ್ಕೆ ನಾವೇ ಸಾಕ್ಷಿ ಕೊಟ್ಟಂತೆ.

ನ್ಯಾಯಾಧೀಶರು ಹುಡುಕುವುದು ಪ್ರಾಮಾಣಿಕತೆ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ವಕೀಲೆ ಕಪಿಲಾ ಹಿಂಗೋರಾನಿ ಅವರು ಬಿಹಾರದ ವಿಚಾರಣಾಧೀನ ಕೈದಿಗಳ ಬಗ್ಗೆ ಬಂದ ಪತ್ರಿಕಾ ವರದಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು, ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ (ಪಿಐಎಲ್) ಬಾಗಿಲು ತೆರೆಯಿತು. ಆ ಬಾಗಿಲಿನಲ್ಲಿ ಸ್ವಂತ ಲಾಭಕ್ಕೆ ನುಗ್ಗುವವರೂ ಹೆಚ್ಚಾದ್ದರಿಂದ 2010ರಲ್ಲಿ ಬಲವಂತ್ ಸಿಂಗ್ ಚೌಫಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ಕೊಟ್ಟಿತು: ಅರ್ಜಿದಾರರ ಹಿನ್ನೆಲೆ ಪರಿಶೀಲಿಸಬೇಕು, ಅರ್ಜಿಯಲ್ಲಿರುವುದು ಮೇಲ್ನೋಟಕ್ಕಾದರೂ ಸರಿಯೆಂದು ಖಚಿತವಾಗಬೇಕು, ಹಿಂದೆ ಸ್ವಾರ್ಥ ಇರಬಾರದು, ಹೈಕೋರ್ಟುಗಳು ತಮ್ಮ ನಿಯಮ ಮಾಡಿಕೊಳ್ಳಬೇಕು. 2013ರ ಸುಪ್ರೀಂ ಕೋರ್ಟ್ ನಿಯಮಗಳು ಅರ್ಜಿದಾರರ ಉದ್ಯೋಗ, ವಾರ್ಷಿಕ ಆದಾಯ, ಪ್ಯಾನ್ ಸಂಖ್ಯೆಯನ್ನೂ ಕೇಳುತ್ತವೆ. ಸಂಸ್ಥೆಯೇ ಅರ್ಜಿದಾರನಾದಾಗ ಡೀಡಿನ ಪ್ರತಿ, ಆ ಕೇಸಿಗೆಂದೇ ಮಾಡಿದ ಠರಾವು, ಲೆಕ್ಕ ಪರಿಶೋಧನೆಯ ವರದಿ ಅನುಬಂಧಗಳಾಗಿ ಹೋಗುತ್ತವೆ. ಮೂವತ್ತು ಉದ್ದೇಶಗಳ ಡೀಡು ಅಲ್ಲಿ ಅನುಮಾನವನ್ನೇ ಹುಟ್ಟಿಸುತ್ತದೆ. ನಾವು ಐದಕ್ಕೆ ನಿಲ್ಲಿಸಿದೆವು.

ಬ್ಯಾಂಕಿನವರು ನೋಡುವುದು ಹೆಸರು, ಅಧಿಕಾರ, ಸಹಿ. ಹೆಸರಿನ ವಿಷಯದಲ್ಲಿ ನಾವೊಂದು ತಪ್ಪು ಮಾಡಿದೆವು, ಬೇರೆಯವರಾದರೂ ತಪ್ಪಿಸಿಕೊಳ್ಳಲಿ. ಡೀಡು ಕನ್ನಡದಲ್ಲಿತ್ತು. ಪ್ಯಾನ್ ಅರ್ಜಿ ತುಂಬುವಾಗ ‘ನ್ಯಾಯ’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ‘ಎ’ ಅಕ್ಷರ ಹಾಕಿದರು, ಬ್ಯಾಂಕಿನ ಅರ್ಜಿಯಲ್ಲಿ ಮೂರು. ಈ ಒಂದು ಅಕ್ಷರಕ್ಕೆ ಖಾತೆ ತೆರೆಯುವುದು ನಿಂತಿತು, ತೆರಿಗೆ ನೋಂದಣಿಯ ಅರ್ಜಿಯೂ ತಡವಾಯಿತು. ಕನ್ನಡದಲ್ಲಿ ಡೀಡು ಬರೆಯುವವರು ಹೆಸರಿನ ಕಲಮಿನಲ್ಲೇ ಅದರ ಇಂಗ್ಲಿಷ್ ಅಕ್ಷರಕ್ರಮವನ್ನೂ ಬರೆದುಬಿಡಬೇಕು, ಆಮೇಲೆ ಎಲ್ಲ ಕಡೆ ಅದನ್ನೇ ನೋಡಿ ಬರೆಯಬೇಕು. ಹಾಗೆಯೇ ‘ಪ್ರಾಧಿಕಾರ’, ‘ಆಯೋಗ’ ಎಂಬ ಪದಗಳು ಹೆಸರಿನಲ್ಲಿ ಬೇಡವೇ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ನಿಮಗೂ ವ್ಯತ್ಯಾಸ ತಿಳಿಯದೆ ಜನ ಮೋಸಹೋದಂತಾಗಬಾರದು.

ಡೀಡಿನಲ್ಲಿ ಇರಲೇಬೇಕಾದ ಇನ್ನು ಕೆಲವು: ಟ್ರಸ್ಟನ್ನು ಹಿಂಪಡೆಯುವಂತಿಲ್ಲ ಎಂಬ ಕಲಂ, ವಿಸರ್ಜನೆಯಾದರೆ ಉಳಿದ ಆಸ್ತಿ ಇಂಥದ್ದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕೆಂಬ ಕಲಂ, ಟ್ರಸ್ಟಿಗಳಿಗೆ ಲಾಭ ಹಂಚುವಂತಿಲ್ಲ ಎಂಬ ಕಲಂ. ಇವಿಲ್ಲದಿದ್ದರೆ ತೆರಿಗೆ ನೋಂದಣಿಯಲ್ಲಿ ತೊಡಕು ಗ್ಯಾರಂಟಿ. ನಾವು ಐವರು ಟ್ರಸ್ಟಿಗಳು, ಮೂರು ವರ್ಷದ ಅವಧಿ, ಸತತ ಎರಡೇ ಅವಧಿ, ಕೋರಂ ಮೂವರು ಎಂದು ಬರೆದೆವು. ಒಂದೇ ಕುಟುಂಬದ ಇಬ್ಬರು ಇರುವಂತಿಲ್ಲ. ಟ್ರಸ್ಟಿಯನ್ನು ತೆಗೆಯುವ ಕ್ರಮವನ್ನು ಬರೆಯಲು ಎಲ್ಲರಿಗೂ ಸಂಕೋಚ. ಸ್ನೇಹ ಚೆನ್ನಾಗಿರುವಾಗಲೇ ಅದನ್ನು ಬರೆಯಬೇಕು. ಇಲ್ಲದಿದ್ದರೆ ಮುಂದೆ ಉಳಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ದಾವೆಯ ದಾರಿ, ಅದು ವರ್ಷಗಟ್ಟಲೆ ಎಳೆಯುತ್ತದೆ.

ನೋಂದಣಿಯ ದಿನದ ಕೆಲಸ ಸರಳ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ಸಮಯ ಕಾಯ್ದಿರಿಸಿ, ಟ್ರಸ್ಟ್ ಸ್ಥಾಪಿಸುವವರು, ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ಮೂಲ ಗುರುತಿನ ಚೀಟಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋದರೆ ಆಯಿತು. ಕಚೇರಿಯ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ ಮತ್ತು ಕಂದಾಯ ರಸೀದಿ ಮೊದಲೇ ಇಟ್ಟುಕೊಂಡಿದ್ದರೆ ಮುಂದೆ ಪ್ಯಾನ್, ಟ್ಯಾನ್ (ತೆರಿಗೆ ಮುರಿದು ಕಟ್ಟುವವರ ಸಂಖ್ಯೆ), ಬ್ಯಾಂಕು, ಸೇವಾ ಸಂಸ್ಥೆಗಳ ಸರ್ಕಾರಿ ಜಾಲತಾಣದ ದರ್ಪಣ್ ಸಂಖ್ಯೆ ಎಲ್ಲದಕ್ಕೂ ಬರುತ್ತದೆ. ದೃಢೀಕೃತ ನಕಲುಗಳನ್ನು ಅಂದೇ ನಾಲ್ಕೈದು ತೆಗೆಸಿಡಿ.

ವಕೀಲರಿಗೆ ಸಂಬಳ ಕೊಡುವಂತಿಲ್ಲ

ಇಡೀ ಕೆಲಸದ ಕಷ್ಟದ ಗಂಟು ಇದು. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವೃತ್ತಿಯಲ್ಲಿರುವ ವಕೀಲರು ಯಾವುದೇ ವ್ಯಕ್ತಿ, ಸಂಸ್ಥೆ ಅಥವಾ ಸರ್ಕಾರದ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಹಾಗೆ ನೌಕರಿಗೆ ಸೇರಿದರೆ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು. ಸೇವೆಯ ಸಂಸ್ಥೆ ಎಂದು ಇದಕ್ಕೆ ರಿಯಾಯಿತಿ ಇಲ್ಲ.

ನಮ್ಮ ಮೊದಲ ಒಪ್ಪಂದದ ಕರಡಿನಲ್ಲಿ ತಿಂಗಳಿಗೆ ಒಂದೇ ಮೊತ್ತ, ಬೆಳಿಗ್ಗೆ 10ರಿಂದ ಹಾಜರಾತಿ, ವರ್ಷಕ್ಕಿಷ್ಟು ರಜೆ, ಹೊರಗಿನ ಕೇಸು ತೆಗೆದುಕೊಳ್ಳುವಂತಿಲ್ಲ ಎಂಬ ಷರತ್ತು ಇದ್ದವು. ಮೇಲೆ ‘ರಿಟೈನರ್’ ಎಂದು ಶೀರ್ಷಿಕೆ ಹಾಕಿದ್ದರೂ ಒಳಗಿದ್ದದ್ದು ನೌಕರಿ. ಎದುರು ಪಕ್ಷದವರು ಈ ಹಾಳೆಯನ್ನು ಪರಿಷತ್ತಿಗೆ ಕಳಿಸಿದರೆ ಸನದು (ವಕೀಲಿ ಮಾಡುವ ಪರವಾನಗಿ) ಕಳೆದುಕೊಳ್ಳುವವರು ಆ ಯುವ ವಕೀಲರೇ, ಟ್ರಸ್ಟಿಗಳಲ್ಲ. ಅದನ್ನು ಹರಿದು ಹೊಸದಾಗಿ ಬರೆದೆವು. ಈಗಿನ ಕ್ರಮದಲ್ಲಿ ಶುಲ್ಕ ಹಂತಹಂತವಾಗಿ ಇದೆ: ಕಡತ ಓದಿ ಅಭಿಪ್ರಾಯ ಬರೆಯಲು ಇಷ್ಟು, ಅರ್ಜಿ ಕರಡಿಗೆ ಇಷ್ಟು, ಪ್ರತಿ ಪರಿಣಾಮಕಾರಿ ವಿಚಾರಣೆಗೆ ಇಷ್ಟು, ಅಂತಿಮ ವಾದಕ್ಕೆ ಇಷ್ಟು. ಹಾಜರಾತಿ ಪುಸ್ತಕ ಇಲ್ಲ. ಅವರು ಬೇರೆ ಕೇಸು ನಡೆಸಬಹುದು, ನಮ್ಮ ಕಕ್ಷಿದಾರರಿಗೆ ವಿರುದ್ಧವಾದದ್ದು ಮಾತ್ರ ಬೇಡ. ಅವರು ಬಿಲ್ಲು ಕೊಡುತ್ತಾರೆ, ಟ್ರಸ್ಟ್ ಶೇ. 10 ತೆರಿಗೆ ಮುರಿದು ಪಾವತಿಸುತ್ತದೆ. ಮುಂದೂಡಿದ ದಿನಕ್ಕೂ ಕನಿಷ್ಠ ಮೊತ್ತ ಇಡುವುದನ್ನು ಮರೆಯಬೇಡಿ. ವಕೀಲರ ತಪ್ಪಿಲ್ಲದೆ ಕೇಸು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆ ದಿನಗಳಿಗೆ ಏನೂ ಸಿಗದಿದ್ದರೆ ಮೂರನೇ ವರ್ಷದ ಹೊತ್ತಿಗೆ ಒಳ್ಳೆಯ ವಕೀಲರು ಉಳಿಯುವುದಿಲ್ಲ.

ಸಂಶೋಧಕರು, ಕ್ಷೇತ್ರ ಕಾರ್ಯಕರ್ತರು, ಲೆಕ್ಕಿಗರು ಸಂಬಳದ ನೌಕರರಾಗಿರಬಹುದು. ಕಾನೂನು ಪದವಿ ಇದ್ದು ಸಂಬಳಕ್ಕೆ ಸೇರುವವರು ಸನದನ್ನು ಅಮಾನತಿನಲ್ಲಿಟ್ಟ ಪತ್ರವನ್ನು ಕಡತಕ್ಕೆ ಸೇರಿಸುತ್ತೇವೆ.

ಇದೇ ನಿಯಮಾವಳಿಯ ಇನ್ನಷ್ಟು ಸಾಲುಗಳು ಸಂಸ್ಥೆಯ ಆಕಾರವನ್ನೇ ನಿರ್ಧರಿಸುತ್ತವೆ. ನಿಯಮ 48 ವಕೀಲರು ಕಂಪನಿಯ ನಿರ್ದೇಶಕರಾಗಲು ಬಿಡುತ್ತದೆ, ಆದರೆ ಆಡಳಿತ ನಡೆಸುವ ಹೊಣೆ ಇರಬಾರದು, ವ್ಯವಸ್ಥಾಪಕ ನಿರ್ದೇಶಕರೋ ಕಾರ್ಯದರ್ಶಿಯೋ ಆಗುವಂತಿಲ್ಲ. ನಮ್ಮದು ಕಂಪನಿಯಲ್ಲದಿದ್ದರೂ ಅದೇ ಶಿಸ್ತನ್ನು ಇಟ್ಟುಕೊಂಡೆವು: ಚೆಕ್ಕಿಗೆ ಸಹಿ ಹಾಕುವ, ಸಿಬ್ಬಂದಿ ನೋಡಿಕೊಳ್ಳುವ ಟ್ರಸ್ಟಿ ವಕೀಲರಲ್ಲ. ವಕೀಲರು ವಕೀಲರಲ್ಲದವರೊಂದಿಗೆ ಶುಲ್ಕ ಹಂಚಿಕೊಳ್ಳುವಂತಿಲ್ಲ ಎಂಬ ನಿಯಮವಿದೆ. ಆದ್ದರಿಂದ ವಕೀಲರ ಹೊರಗಿನ ದುಡಿಮೆಯ ಒಂದು ಪಾಲು ಸಂಸ್ಥೆಗೆ ಬರುವ ವ್ಯವಸ್ಥೆ ಎಂದಿಗೂ ಬೇಡ. ನಿಯಮ 20 ಗೆದ್ದರೆ ಇಷ್ಟು ಎಂಬ ಶುಲ್ಕವನ್ನು ನಿಷೇಧಿಸುತ್ತದೆ. ನಿಯಮ 32ರ ಪ್ರಕಾರ ವಕೀಲರು ಕಕ್ಷಿದಾರರಿಗೆ ಕೇಸಿನ ಸಲುವಾಗಿ ಸಾಲ ಕೊಡುವಂತಿಲ್ಲ. ಹಾಗಾಗಿ ಕೋರ್ಟ್ ಶುಲ್ಕ, ನಕಲು ಪ್ರತಿಯ ಶುಲ್ಕ, ಬಸ್ಸಿನ ಖರ್ಚು ವಕೀಲರ ಜೇಬಿನಿಂದ ಹೋಗದೆ ನೇರವಾಗಿ ಟ್ರಸ್ಟಿನಿಂದ ಹೋಗಬೇಕು, ಪ್ರತಿ ಕೇಸಿಗೂ ಬೇರೆ ಖಾತೆ ಹಾಳೆ ಇರಬೇಕು. ಪರಿಹಾರದ ಹಣ ಯಾವ ಕಾರಣಕ್ಕೂ ಟ್ರಸ್ಟಿನ ಖಾತೆಗೆ ಬರಬಾರದು. ಕಕ್ಷಿದಾರರಿಗೆ ಬ್ಯಾಂಕ್ ಖಾತೆ ಇಲ್ಲದಿದ್ದರೆ ತೀರ್ಪು ಬರುವ ಮೊದಲೇ ಖಾತೆ ತೆರೆಸಿಕೊಡುವುದು ಕ್ಷೇತ್ರ ಕಾರ್ಯಕರ್ತರ ಕೆಲಸ.

ನಿಯಮ 36 ವಕೀಲರ ಜಾಹೀರಾತನ್ನು ನಿಷೇಧಿಸುತ್ತದೆ. ಕೂಲಿ, ಜೀತ, ಕೌಟುಂಬಿಕ ದೌರ್ಜನ್ಯದ ಬಗ್ಗೆ ಕರಪತ್ರ ಹಂಚಬಹುದು, ಗ್ರಾಮಸಭೆಯಲ್ಲಿ ಮಾತಾಡಬಹುದು. ಆದರೆ ಕರಪತ್ರದ ಕೊನೆಗೆ ಇಂಥ ವಕೀಲರು ಇಷ್ಟು ಕೇಸು ಗೆದ್ದಿದ್ದಾರೆ, ಇವರನ್ನು ಕಾಣಿ ಎಂದು ಬರೆಯುವಂತಿಲ್ಲ. ನಾವು ಕರಪತ್ರದ ಕೊನೆಗೆ ಹಾಕುವುದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಯನ್ನು. ಇದಕ್ಕೆ ಇನ್ನೊಂದು ಕಾರಣವೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಸರ್ಕಾರವೇ ಕೊಡಬೇಕಾದ ವಕೀಲರು ಸಿಗುವ ಕಡೆ ದೇಣಿಗೆಯ ಹಣ ಸುರಿಯುವುದು ಸರಿಯಲ್ಲ. ಅಲ್ಲಿಗೆ ಅರ್ಜಿ ಬರೆದುಕೊಟ್ಟು, ವಕೀಲರು ನೇಮಕವಾಗುವವರೆಗೆ ಬೆನ್ನು ಹತ್ತುವುದೇ ಎಷ್ಟೋ ಸಲ ದೊಡ್ಡ ಸಹಾಯ.

ಹಣ

ತೆರಿಗೆ ನೋಂದಣಿಯಲ್ಲಿ ಎಡವುವುದು ದಿನಾಂಕಗಳಲ್ಲಿ. 2021ರ ಏಪ್ರಿಲ್‌ನಿಂದ ಬಂದ ಕ್ರಮದಂತೆ ಹೊಸ ಟ್ರಸ್ಟಿಗೆ ನಮೂನೆ 10ಎ ಮೂಲಕ 12ಎಬಿ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದೇಣಿಗೆ ಕೊಟ್ಟವರಿಗೆ ವಿನಾಯಿತಿ) ಎರಡಕ್ಕೂ ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತಿತ್ತು. ಮೂರು ವರ್ಷ ಇದೆಯಲ್ಲ ಎಂದು ಸುಮ್ಮನಿದ್ದುಬಿಡುತ್ತಾರೆ. ಚಟುವಟಿಕೆ ಶುರುವಾದ ಆರು ತಿಂಗಳೊಳಗೆ, ಅಥವಾ ತಾತ್ಕಾಲಿಕ ಅವಧಿ ಮುಗಿಯುವ ಆರು ತಿಂಗಳ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ನಮೂನೆ 10ಎಬಿ ಹಾಕಬೇಕಿತ್ತು. ತಪ್ಪಿದರೆ 115ಟಿಡಿ ಕಲಮಿನಡಿ ಟ್ರಸ್ಟಿನ ನಿವ್ವಳ ಆಸ್ತಿಯ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ಬೀಳುವ ಅಪಾಯವಿತ್ತು. ‘ಚಟುವಟಿಕೆ ಶುರುವಾದ ದಿನ’ ಯಾವುದು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆದಿಡಿ. ನಾವು ಮೊದಲ ಕಾನೂನು ಸಲಹಾ ದಿನವನ್ನೇ ಆ ದಿನವೆಂದು ಬರೆದೆವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಮಿನ ಸಂಖ್ಯೆಗಳೆಲ್ಲ ಬದಲಾಗಿವೆ. ಹೊಸದಾಗಿ ಅರ್ಜಿ ಹಾಕುವವರು ಹಳೆಯ ಕೈಪಿಡಿಯನ್ನು ನೋಡಿ ನಮೂನೆ ತುಂಬಬಾರದು.

ದೇಣಿಗೆ ಪಡೆಯುವಾಗಲೇ ಕೊಟ್ಟವರ ಪ್ಯಾನ್ ಮತ್ತು ವಿಳಾಸ ಬರೆದುಕೊಳ್ಳಬೇಕು. 80ಜಿ ವಿನಾಯಿತಿಯ ವಿವರಪಟ್ಟಿಯನ್ನು ಮೇ 31ರೊಳಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುವುದು ನಮ್ಮ ಕಾಲದ ನಿಯಮವಾಗಿತ್ತು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ. ವರ್ಷದ ಆದಾಯದ ಶೇ. 85ನ್ನು ಆ ವರ್ಷವೇ ಖರ್ಚು ಮಾಡಬೇಕೆಂಬ ನಿಯಮ ಕಾನೂನು ಸಂಸ್ಥೆಗೆ ವಿಶೇಷವಾಗಿ ಕಷ್ಟ ಕೊಡುತ್ತದೆ, ಏಕೆಂದರೆ ಈ ವರ್ಷ ಹಣ ಬಂದ ಕೇಸಿನ ವಿಚಾರಣೆ ಮುಂದಿನ ವರ್ಷ ನಡೆಯುತ್ತದೆ. ಹಣ ಕೂಡಿಡಲು ನಿರ್ದಿಷ್ಟ ಉದ್ದೇಶ ಬರೆದು ಗಡುವಿನೊಳಗೆ ಅದಕ್ಕೆಂದೇ ಇರುವ ನಮೂನೆ ಸಲ್ಲಿಸಿದರೆ ಐದು ವರ್ಷದವರೆಗೆ ಇಡಬಹುದು. ‘ಸಂಸ್ಥೆಯ ಉದ್ದೇಶಗಳಿಗಾಗಿ’ ಎಂದು ಸುಮ್ಮನೆ ಬರೆದರೆ ಪ್ರಶ್ನೆ ಬರುತ್ತದೆ. ‘ಬಾಕಿ ಇರುವ ಪ್ರಕರಣಗಳ ವಕೀಲರ ಶುಲ್ಕ ಮತ್ತು ನ್ಯಾಯಾಲಯದ ಖರ್ಚಿಗಾಗಿ’ ಎಂದು ಬರೆಯಿರಿ.

ವಿದೇಶಿ ಹಣದ ವಿಷಯ ಚಿಕ್ಕದಾಗಿ: 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ನೋಂದಣಿಗೆ ಮೂರು ವರ್ಷದ ಕೆಲಸ, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಮೂಲ ಉದ್ದೇಶಕ್ಕೆ ಖರ್ಚಾದ ಲೆಕ್ಕ ಬೇಕು. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹೊರದೇಶದಲ್ಲಿರುವ ನಮ್ಮವರು ಪ್ರೀತಿಯಿಂದ ಹಣ ಕಳಿಸಲು ಮುಂದೆ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ವಂತಿಗೆ, ಅವರು ಎಷ್ಟೇ ಹತ್ತಿರದವರಿರಲಿ. ಪಾಸ್‌ಪೋರ್ಟ್ ಪ್ರತಿ ಕೇಳಲು ಮುಜುಗರ ಬೇಡ.

ಅನುದಾನ ಕೊಡುವವರ ಒಪ್ಪಂದವನ್ನು ಸಾಲುಸಾಲಾಗಿ ಓದಬೇಕು. ‘ಫಲಾನುಭವಿಗಳ ಪಟ್ಟಿ ಮತ್ತು ಪ್ರಕರಣದ ವಿವರ ಒದಗಿಸತಕ್ಕದ್ದು’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಶಾಲೆಗೆ ಅದು ಸರಿ. ಇಲ್ಲಿ ಅದು ಕಕ್ಷಿದಾರರು ವಕೀಲರಿಗೆ ಹೇಳಿದ ಗುಟ್ಟು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ವಕೀಲರನ್ನೂ ಅವರ ಗುಮಾಸ್ತರನ್ನೂ ನೌಕರರನ್ನೂ ಈ ಗುಟ್ಟಿಗೆ ಕಟ್ಟಿಹಾಕುತ್ತದೆ. ಟ್ರಸ್ಟಿನ ನೌಕರರ ಬಗ್ಗೆ ಅದರಲ್ಲಿ ಮಾತಿಲ್ಲ. ಅದಕ್ಕೇ ಪ್ರತಿ ಕಡತದ ಮೇಲೂ ‘ಈ ಪ್ರಕರಣದಲ್ಲಿ ಇಂಥ ಕಾರ್ಯಕರ್ತರು ಇಂಥ ವಕೀಲರ ನಿರ್ದೇಶನದಂತೆ ಕೆಲಸ ಮಾಡುತ್ತಾರೆ’ ಎಂದು ವಕೀಲರ ಸಹಿಯ ಪತ್ರ ಇಡುತ್ತೇವೆ. ಅನುದಾನದವರಿಗೆ ಕೊಡುವುದು ಸಂಖ್ಯೆ ಮತ್ತು ಪ್ರಕರಣದ ಬಗೆ ಮಾತ್ರ. ಇದಕ್ಕೆ ಒಪ್ಪದ ಹಣವನ್ನು ಬಿಟ್ಟಿದ್ದೇವೆ, ಬಿಡಲೇಬೇಕು.

ಮೊದಲ ಕಡತ ತೆರೆಯುವ ಮೊದಲು

ನೋಂದಣಿ ಮುಗಿದ ಮರುದಿನವೇ ಬಾಗಿಲು ತೆರೆಯಬೇಡಿ. ಮೊದಲು ಮೂರು ಕಾಗದ ಸಿದ್ಧವಾಗಬೇಕು.

ಒಂದು, ಪ್ರವೇಶ ನಮೂನೆ. ಅದರ ಮೊದಲ ಕಾಲಂ ಹೆಸರಿನದಲ್ಲ, ಕಾಲಮಿತಿಯ ದಿನಾಂಕದ್ದು. ಗ್ರಾಹಕ ದೂರಿಗೆ ಎರಡು ವರ್ಷ, ಸಿವಿಲ್ ತೀರ್ಪಿನ ಮೇಲೆ ಹೈಕೋರ್ಟಿಗೆ 90 ದಿನ, ಬೇರೆ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ, ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿಗೆ 30 ದಿನ. ಜನ ನಮ್ಮ ಬಳಿ ಬರುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದುಹೋಗಿರುತ್ತದೆ. ಸಂಸ್ಥೆ ಕೇಸು ತೆಗೆದುಕೊಳ್ಳಬೇಕೋ ಬೇಡವೋ ಎಂದು ಎರಡು ಸಭೆ ನಡೆಸುವಷ್ಟರಲ್ಲಿ ಉಳಿದದ್ದೂ ಹೋದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ತೆಗೆದುಕೊಳ್ಳುವುದಿಲ್ಲ ಎಂದಾದರೆ ಏಳು ದಿನದೊಳಗೆ, ಬರವಣಿಗೆಯಲ್ಲಿ, ಕೊನೆಯ ದಿನಾಂಕ ಸಮೇತ ತಿಳಿಸುತ್ತೇವೆ.

ಎರಡು, ಹಿತಾಸಕ್ತಿ ಸಂಘರ್ಷದ ವಹಿ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ವಕೀಲರು ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ. ಸಲಹಾ ಶಿಬಿರಗಳಲ್ಲಿ ಇದು ಸುಲಭವಾಗಿ ತಪ್ಪುತ್ತದೆ: ಸೋಮವಾರ ಹೆಂಡತಿ ಬಂದು ಹೋಗಿರುತ್ತಾರೆ, ಗುರುವಾರ ಗಂಡ ಬರುತ್ತಾನೆ. ಹೆಸರು ಮಾತ್ರ ಹುಡುಕಿದರೆ ಸಿಗುವುದಿಲ್ಲ. ಮಂಜುನಾಥರು ಹತ್ತಾರು ಜನ, ಆಧಾರಿನಲ್ಲಿ ಒಂದು ಇನಿಷಿಯಲ್, ಪಹಣಿಯಲ್ಲಿ ಇನ್ನೊಂದು. ಆದ್ದರಿಂದ ವಹಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಸರ್ವೆ ನಂಬರ್, ಎದುರುವಾದಿಯ ಇಷ್ಟೇ ವಿವರ ಇರಬೇಕು. ಕಥೆ ಕೇಳುವ ಮೊದಲೇ ವಹಿ ನೋಡಬೇಕು. ಕೇಳಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಮೂರು, ಒಪ್ಪಿಗೆ ಪತ್ರ. ನಮ್ಮದು ಒಂದೇ ಪುಟ, ದೊಡ್ಡ ಅಕ್ಷರ. ಓದಲು ಬಾರದವರಿಗೆ ಅವರ ಕಡೆಯ ಒಬ್ಬರ ಎದುರು ಜೋರಾಗಿ ಓದಿ ಹೇಳುತ್ತೇವೆ. ಅದರ ನಡುವಿನ ಸಾಲುಗಳು ಇವು: ‘ಈ ಕೇಸು ನನ್ನದು. ಮುಂದುವರಿಸುವುದು, ರಾಜಿ ಮಾಡಿಕೊಳ್ಳುವುದು, ವಾಪಸು ಪಡೆಯುವುದು ನನ್ನ ತೀರ್ಮಾನ. ವಕೀಲರು ಸಲಹೆ ಕೊಡುತ್ತಾರೆ. ಸಂಸ್ಥೆಯಾಗಲಿ, ಸಂಸ್ಥೆಗೆ ಹಣ ಕೊಟ್ಟವರಾಗಲಿ ಈ ತೀರ್ಮಾನದಲ್ಲಿ ಕೈ ಹಾಕುವಂತಿಲ್ಲ.’ ಹೀಗೆ ಬರೆದುಕೊಟ್ಟಿದ್ದರಿಂದ ನಷ್ಟವೂ ಇದೆ. ಹಲವರ ಬದುಕು ಬದಲಿಸಬಹುದಾದ ಪ್ರಶ್ನೆಯೊಂದು ಅಂತಿಮ ವಾದಕ್ಕೆ ಬರುವ ಹೊತ್ತಿಗೆ ಎದುರುವಾದಿ ಪರಿಹಾರ ಕೊಡಲು ಮುಂದಾಗುತ್ತಾರೆ, ಕಕ್ಷಿದಾರರು ಒಪ್ಪುತ್ತಾರೆ, ಪ್ರಶ್ನೆ ಅಲ್ಲೇ ನಿಲ್ಲುತ್ತದೆ. ಅವರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ, ಇರಲೂಬಾರದು. ನೀತಿಯೇ ಬದಲಾಗಬೇಕೆಂಬ ಕೇಸಿನಲ್ಲಿ ಒಬ್ಬರ ಬದಲು ಬೇರೆ ಬೇರೆ ಊರಿನ ನಾಲ್ಕೈದು ಜನ ಅರ್ಜಿದಾರರಿರುವಂತೆ ಮೊದಲೇ ನೋಡಿಕೊಳ್ಳುವುದೊಂದೇ ದಾರಿ.

ದಾಖಲೆ ಕೂಡಿಸುವ ಬಗ್ಗೆ ಒಂದು ಮಾತು. ಪಿಐಎಲ್ ಬೀಳುವುದು ಹೆಚ್ಚಾಗಿ ಕಾನೂನಿನ ಕೊರತೆಯಿಂದಲ್ಲ, ಸಂಗತಿಯ ಕೊರತೆಯಿಂದ. ಮಾಹಿತಿ ಹಕ್ಕಿನ ಅರ್ಜಿ ಕರ್ನಾಟಕದಲ್ಲಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತು ಪ್ರಶ್ನೆ ತುಂಬಿದ ಅರ್ಜಿ ವಾಪಸು ಬರುತ್ತದೆ, 30 ದಿನ ವ್ಯರ್ಥ. ಹತ್ತು ರೂಪಾಯಿಯ ಹತ್ತು ಅರ್ಜಿ ಹಾಕಿ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ವಹಿಯ ದೃಢೀಕೃತ ನಕಲು ಕೊಡಿ’ ಎಂದು ಕೇಳಿ. ಬಂದ ಉತ್ತರವನ್ನು ಲಕೋಟೆ ಸಮೇತ ಇಟ್ಟುಕೊಳ್ಳಿ, ಅಂಚೆ ಮುದ್ರೆಯ ದಿನಾಂಕ ಮೇಲ್ಮನವಿಯಲ್ಲಿ ಬೇಕಾಗುತ್ತದೆ.

ಕಚೇರಿಗೆ ಬೇಕಾದದ್ದು ಕಡಿಮೆ: ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಬೀಗದ ಬೀರು, ಸ್ಕ್ಯಾನರ್. ಸ್ಕ್ಯಾನರ್ ಏಕೆಂದರೆ ಕಕ್ಷಿದಾರರ ಮೂಲ ದಾಖಲೆಯನ್ನು ಇಟ್ಟುಕೊಳ್ಳಬಾರದು. ನಂಬಿಕೆಯಿಂದ ಪಹಣಿ, ಹಕ್ಕುಪತ್ರ, ಪಡಿತರ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು ‘ನಿಮ್ಮ ಹತ್ತಿರಾನೇ ಇರ್ಲಿ’ ಎಂದು ಹೊರಡುತ್ತಾರೆ. ಅವರೆದುರೇ ಸ್ಕ್ಯಾನ್ ಮಾಡಿ, ಪುಟ ಎಣಿಸಿ, ಅದೇ ಕವರಿನಲ್ಲಿ ಸುತ್ತಿ ಕೈಗೆ ಕೊಡುತ್ತೇವೆ. ನ್ಯಾಯಾಲಯಕ್ಕೆ ಮೂಲವೇ ಬೇಕಾದಾಗ ಮಾತ್ರ ರಸೀದಿ ಕೊಟ್ಟು ಪಡೆಯುತ್ತೇವೆ. ಕೇಸು ಮುಗಿದ ದಿನ ಮುಕ್ತಾಯದ ಪತ್ರದಲ್ಲಿ ಮೂರು ಸಂಗತಿ ಇರುತ್ತದೆ: ತೀರ್ಪಿನಲ್ಲಿ ಏನಿದೆ, ಮೇಲ್ಮನವಿಗೆ ಕೊನೆಯ ದಿನ ಯಾವುದು, ಯಾವ ಯಾವ ಮೂಲ ದಾಖಲೆಗಳನ್ನು ವಾಪಸು ಕೊಡಲಾಗಿದೆ. ವಹಿಯಲ್ಲಿ ಆ ಪಟ್ಟಿಯ ಎದುರು ಕಕ್ಷಿದಾರರ ಸಹಿಯೋ ಹೆಬ್ಬೆಟ್ಟೋ ಬಿದ್ದ ಮೇಲೆ ಕಡತಕ್ಕೆ ದಾರ ಕಟ್ಟುತ್ತೇವೆ.